ಎಂಟನೇ ಕ್ರಾಸಿನ ಮನವಿಪತ್ರ: ಪಾಠ, ಪಾಠಾಂತರ ಮತ್ತು ಹಂಪಿನ ಉತ್ಪತ್ತಿ

ಪೀಠಿಕೆ

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಎಂಟನೇ ಕ್ರಾಸಿನಲ್ಲಿ ಸಂಜೆಯ ಹೊತ್ತು ಹೊರಗಿನ ವಾಹನಗಳನ್ನು ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ ವಿದ್ವತ್ಪೂರ್ಣ ಅಧ್ಯಯನವೊಂದೂ ಇದುವರೆಗೆ ಹೊರಬಂದಿಲ್ಲ. ಇಲಾಖೆಯವರು ಸ್ಥಳ ಪರಿಶೀಲನೆ ನಡೆಸಿದ್ದುಂಟು. ಆದರೆ ಮೂಲ ಆಕರಗಳನ್ನು ನೋಡದೆ, ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಮನೆಯಲ್ಲಿ ಕಾಫಿ ಕುಡಿದು, ಪಂಚಾಂಗ ನೋಡುವವರ ಹಾಗೆ ಒಮ್ಮೆ ಆಕಾಶವನ್ನೂ ಒಮ್ಮೆ ಮೊಬೈಲನ್ನೂ ನೋಡಿ ಹೊರಟುಹೋದರು. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನಮ್ಮ ಮುಖ್ಯ ಆಕರ ಕ್ಷೇಮಾಭಿವೃದ್ಧಿ ಸಂಘದ ಒಂದು ಮನವಿಪತ್ರ. ಅದರ ಜೆರಾಕ್ಸ್ ಪ್ರತಿಗಳು ಟೀವಿ ಸ್ಟ್ಯಾಂಡಿನ ಅಡಿಯಲ್ಲಿ, ಗ್ಯಾಸ್ ಪುಸ್ತಕದ ನಡುವೆ, ಒಂದು ಕಡೆಯಂತೂ ಅಲ್ಲಾಡುವ ಟೇಬಲ್ಲಿನ ಕಾಲಿನ ಕೆಳಗೆ ದೊರೆತವು. ಎಪಿಗ್ರಾಫಿಯಾ ಕರ್ನಾಟಿಕದ ಶಾಸನ ಸಂಪುಟಗಳಿಗಾಗಿ ರೈಸ್ ಸಾಹೇಬರು ಕುದುರೆಯೇರಿ ಊರೂರು ಸುತ್ತಿದರಂತೆ. ಅವರ ಶ್ರಮವನ್ನು ಕಡಿಮೆ ಮಾಡುವ ಉದ್ದೇಶ ನಮಗಿಲ್ಲ. ಆದರೂ ಅವರ ಕುದುರೆಗೆ ಪಾರ್ಕಿಂಗ್ ಹುಡುಕುವ ಪ್ರಸಂಗ ಒದಗಿರಲಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಪ್ರತಿಗಳ ವಿವರ

ಕ ಪ್ರತಿ: ಸಂಪೂರ್ಣ. ಅಕ್ಷರ ದುಂಡು. "ಮಾನ್ಯರೇ, ಎಂಟನೇ ಕ್ರಾಸಿನಲ್ಲಿ ಸಂಜೆ ಐದರಿಂದ ಎಂಟರವರೆಗೆ ಹೊರಗಿನ ವಾಹನಗಳನ್ನು ನಿರ್ಬಂಧಿಸಬೇಕೆಂದು ನಿವಾಸಿಗಳಾದ ನಾವು ಕೋರುತ್ತೇವೆ."

ಖ ಪ್ರತಿ: ಹಿಂಬದಿಯಲ್ಲಿ ಹಾಲಿನ ಲೆಕ್ಕವಿದೆ. "ಹೊರಗಿನ ವಾಹನಗಳನ್ನು" ಎಂಬಲ್ಲಿ ಕಾಕಪದ ಹಾಕಿ, ಮೇಲೆ ಬೇರೆ ಕೈಯಲ್ಲಿ "ನಮ್ಮವರ ಮನೆಗೆ ಬರುವವುಗಳನ್ನು ಬಿಟ್ಟು" ಎಂದು ಸೇರಿಸಲಾಗಿದೆ.

ಗ ಪ್ರತಿ: "ನಿರ್ಬಂಧಿಸಬೇಕೆಂದು" ಎಂಬಲ್ಲಿ "ನಿರ್ಬಂಧಿಸಬಾರದೆಂದು" ಎಂಬ ಪಾಠವಿದೆ. ಉಳಿದಂತೆ ಕ ಪ್ರತಿಗೂ ಇದಕ್ಕೂ ಅಕ್ಷರಶಃ ಹೊಂದಾಣಿಕೆ. ಸಹಿಗಳೂ ಅವೇ.

ಈ ಕೊನೆಯ ಸಂಗತಿ ಬಡಾವಣೆಯ ವಿದ್ವದ್ವಲಯವನ್ನು ಎರಡು ಪಂಥವಾಗಿ ಒಡೆದಿದೆ. ಗ ಪ್ರತಿ ಪೂರಾ ಪ್ರಕ್ಷಿಪ್ತ, ಮುಖ್ಯರಸ್ತೆಯ ಅಂಗಡಿಯವರು ಗಿರಾಕಿ ತಪ್ಪೀತೆಂಬ ಭಯದಿಂದ ಸೃಷ್ಟಿಸಿದ್ದು ಎಂಬುದು ಒಂದು ವಾದ. ಕ ಪ್ರತಿಯೇ ಕೃತಕ, ಎಂಟನೇ ಕ್ರಾಸಿನ ಸೈಟಿನ ಬೆಲೆ ಏರಿಸಲು ಹೊಸೆದದ್ದು ಎಂಬುದು ಇನ್ನೊಂದು. ನಾವು ಭೂತಕನ್ನಡಿ ಹಿಡಿದು ನೋಡಿದಾಗ ಕಂಡದ್ದೇ ಬೇರೆ. ಕ ಪ್ರತಿಯ ಸಹಿಗಳು ನೆಟ್ಟಗೆ, ಸಮಾಧಾನದಿಂದ ಬಿದ್ದಿವೆ. ಗ ಪ್ರತಿಯ ಸಹಿಗಳ ಕೆಳಗೆ ರೆಕ್ಸಿನ್ನಿನ ಹೊಲಿಗೆಯ ಗೆರೆ ಮೂಡಿದೆ, ಅಂದರೆ ಕಾಗದವನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಸಹಿ ಮಾಡಲಾಗಿದೆ. ಹೀಗಾಗಿ ಎರಡೂ ಪ್ರತಿಗಳು ಪ್ರಾಮಾಣಿಕ. ಒಂದು ವಾಕಿಂಗ್ ಹೊರಟ ನಿವಾಸಿಗಳದು, ಇನ್ನೊಂದು ಅದೇ ನಿವಾಸಿಗಳು ಆಫೀಸಿನಿಂದ ಮರಳುವಾಗಿನದು. ಕವಿ ಒಬ್ಬನೇ, ವಾಹನ ಬೇರೆ.

ಕಾಲವಿಚಾರ

ಆಂತರಿಕ ಪ್ರಮಾಣಗಳಿಂದ ಹೊರಡೋಣ. ಗ ಪ್ರತಿಯ ಮೂಲೆಯಲ್ಲಿ "ಹೆಲ್ಮೆಟ್ ಎರಡು, ಅಂಗಡಿಯಲ್ಲಿ ಕೇಳುವುದು" ಎಂಬ ಟಿಪ್ಪಣಿಯಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಗ್ರಂಥ ಅದಕ್ಕಿಂತ ಹಿಂದಿನದಲ್ಲ. ಕ ಪ್ರತಿಯ ಅಂಚಿನಲ್ಲಿ "ಫೈನ್ ಅರ್ಧಕ್ಕೆ ಬಂದಾಗ ನೆನಪಿಸಿ" ಎಂದಿದೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡದ ಮೇಲೆ ಅರ್ಧಕ್ಕರ್ಧ ರಿಯಾಯಿತಿ ಘೋಷಣೆಯಾಯಿತು. ಸಂಕ್ರಾಂತಿ ಸೀರೆ ಮಾರಾಟಕ್ಕೂ ಕಾಣದಂಥ ಸಾಲು ನೆರೆದು, ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ವಸೂಲಾಯಿತು. ಇಷ್ಟರಿಂದ ಕಾಲ ನಿರ್ಣಯವಾಗಬೇಕಿತ್ತು. ಆದರೆ ರಿಯಾಯಿತಿ ಆಮೇಲೂ ಬಂತು, 2025ರಲ್ಲಿ ಮತ್ತೊಮ್ಮೆ ಬಂತು. ಕೃತಿಯ ಕಾಲವನ್ನು ಶತಮಾನದ ಅಂತರದಲ್ಲಿ ಎಳೆದಾಡುವ ಪಂಪಪೂರ್ವ ಯುಗದ ಸಂಶೋಧಕರಿಗೂ ಇಂಥ ಇಕ್ಕಟ್ಟು ಎದುರಾಗಿರಲಾರದು.

ಈ ರಿಯಾಯಿತಿಯ ತಾತ್ತ್ವಿಕ ಮುಖವನ್ನು ಇಲ್ಲಿ ಬೆಳೆಸುವುದಿಲ್ಲ. ಪಾಪ ಪೂರ್ತಿ, ಪ್ರಾಯಶ್ಚಿತ್ತ ಅರ್ಧ ಎಂಬುದು ಇದರ ಕರ್ಮಸಿದ್ಧಾಂತ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ವಿನಾಯಿತಿ ಪ್ರಕರಣ

ಖ ಪ್ರತಿಯ ಆ ಕಾಕಪದ ಮುಂದೆ ಬೆಳೆಯುತ್ತ ಹೋಗಿ ಒಂದು ಅನುಬಂಧವಾಯಿತು. ಅದರ ಪದರಗಳನ್ನು ಬಿಡಿಸಿದರೆ ಅತ್ಯಂತ ಕೆಳಗೆ ಆಂಬುಲೆನ್ಸ್. ಅದರ ಮೇಲೆ ಸ್ಕೂಲ್ ವ್ಯಾನ್, ಗ್ಯಾಸ್ ಗಾಡಿ, ಊಟ ತರುವ ಹುಡುಗರು. ನಂತರದ ಪದರದಲ್ಲಿ ಛತ್ರಕ್ಕೆ ಬರುವ ಬೀಗರು. ತುದಿಯಲ್ಲಿ, ತೀರ ಈಚಿನ ಇಂಕಿನಲ್ಲಿ, "ಅಳಿಯಂದಿರು".

2016ರ ಜನವರಿಯಲ್ಲಿ ದಿಲ್ಲಿಯಲ್ಲಿ ಸಮ-ಬೆಸ ಸಂಖ್ಯೆಯ ನಿಯಮ ಹದಿನೈದು ದಿನ ನಡೆದಾಗಲೂ ದ್ವಿಚಕ್ರ ವಾಹನಗಳಿಗೆ, ಒಂಟಿಯಾಗಿ ಕಾರು ನಡೆಸುವ ಹೆಂಗಸರಿಗೆ, ಗಣ್ಯರಿಗೆ ವಿನಾಯಿತಿ ಇತ್ತು. ಆ ಪಟ್ಟಿ ದೊಡ್ಡದೇ. ಆದರೂ ಅದರಲ್ಲಿ ಅಳಿಯಂದಿರಿಗೆಂದು ಬೇರೆ ಸಾಲು ಇರಲಿಲ್ಲ. ಈ ಒಂದು ಅಂಶದಲ್ಲಿ ಎಂಟನೇ ಕ್ರಾಸು ರಾಜಧಾನಿಯನ್ನು ಮೀರಿಸಿದೆ.

ವಾಯು ಪ್ರಕರಣ

ಮೂಲ ಮನವಿಯಲ್ಲಿ ಗಾಳಿಯ ಮಾತಿರಲಿಲ್ಲ. ಅದು ಬಂದದ್ದು ನಿವೃತ್ತ ಮೇಷ್ಟ್ರೊಬ್ಬರ ಮಗ ಅಮೆರಿಕದಿಂದ ಅಂಗೈಯಗಲದ ಒಂದು ಯಂತ್ರ ತಂದುಕೊಟ್ಟ ಮೇಲೆ. ಅವರು ಅದನ್ನು ಕಿಟಕಿಯಲ್ಲಿ, ತುಳಸಿಯ ಕುಂಡದ ಪಕ್ಕ ಪ್ರತಿಷ್ಠಾಪಿಸಿದರು. ಸಂಘದ ಸಭೆಯಲ್ಲಿ ನಡೆದ ಸಂವಾದವನ್ನು ನಡಾವಳಿ ಪುಸ್ತಕದಿಂದ ಯಥಾವತ್ತಾಗಿ ಕೊಡುತ್ತೇವೆ.

"ಮೇಷ್ಟ್ರೇ, ಇವತ್ತು ಎಷ್ಟು ತೋರಿಸ್ತಿದೆ ನಿಮ್ಮ ಡಬ್ಬಿ?"

"ಮೂವತ್ತೆಂಟು, ಕಾರ್ಯದರ್ಶಿಗಳೇ."

"ನಲವತ್ತರ ಒಳಗಿದೆಯಲ್ಲ ಸಾರ್! ಹಾಗಾದ್ರೆ ಪಾಸು."

"ಫೇಲು ಕಣ್ರೀ. ಐದರೊಳಗಿರಬೇಕು."

ಇಬ್ಬರೂ ಸರಿ. ಎರಡೂವರೆ ಮೈಕ್ರಾನಿಗಿಂತ ಸಣ್ಣ ದೂಳಿಗೆ ನಮ್ಮ ದೇಶ 2009ರಲ್ಲಿ ಗೊತ್ತುಮಾಡಿದ ಮಿತಿ ಒಂದು ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು ಹತ್ತರಿಂದ ಐದಕ್ಕೆ ಇಳಿಸಿತು. ಒಂದೇ ಗಾಳಿ ದಿಲ್ಲಿಗೆ ಮಡಿ, ಜಿನೀವಾಕ್ಕೆ ಮೈಲಿಗೆ. ಎರಡೂ ಮಿತಿಗಳು ಇಡೀ ವರ್ಷದ ಸರಾಸರಿಗೆ ಅನ್ವಯಿಸುತ್ತವೆ, ಮೇಷ್ಟ್ರು ಓದಿದ್ದೋ ಸಂಜೆಯ ಒಂದು ಗಳಿಗೆಯದು ಎಂಬ ಸೂಕ್ಷ್ಮವನ್ನು ಪ್ರಸ್ತುತ ಲೇಖಕರು ಸಭೆಗೆ ತಿಳಿಸಲೆಂದು ಎದ್ದು ನಿಂತಾಗ ಬೋಂಡಾ ಬಂದದ್ದರಿಂದ ವಿಷಯ ಅಲ್ಲಿಗೇ ನಿಂತಿತು.

ಪ್ರತಿವಾದಿಗಳು ಸುಮ್ಮನಿರಲಿಲ್ಲ. ಎಂಟು ಗಂಟೆಗೆ ಅಂಕಿ ದಿಢೀರನೆ ಮೇಲೇರುವುದನ್ನು ಗುರುತಿಸಿ, ಇದು ವಾಹನದ ಹೊಗೆಯಲ್ಲ, ಮೇಷ್ಟ್ರ ಮನೆಯ ಒಗ್ಗರಣೆ ಎಂದು ಸಾಧಿಸಿದರು. ವಿಜ್ಞಾನದ ದೃಷ್ಟಿಯಿಂದ ಇದನ್ನು ತಳ್ಳಿಹಾಕುವಂತಿಲ್ಲ. ಕಾದ ಎಣ್ಣೆಯೂ ಅಷ್ಟೇ ಸಣ್ಣ ಕಣಗಳನ್ನು ಎಬ್ಬಿಸುತ್ತದೆ. "ಹಾಗಾದ್ರೆ ಅಡುಗೆಮನೆಗೂ ಒನ್ ವೇ ಮಾಡ್ಬಿಡಿ" ಎಂದು ಮೇಷ್ಟ್ರ ಮನೆಯವರು ಒಳಗಿನಿಂದಲೇ ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಿಲ್ಲ. ನಾವು ಮೌಖಿಕ ಪರಂಪರೆಯಿಂದ ಎತ್ತಿಕೊಂಡಿದ್ದೇವೆ.

'ಪ್ರಾಯೋಗಿಕವಾಗಿ' ಎಂಬ ಪ್ರತ್ಯೇಕ ಲೋಕ

ಕಡೆಗೂ ಆದೇಶ ಬಂತು. ಎಂಟನೇ ಕ್ರಾಸಿನ ಎರಡು ತುದಿಗೂ ಬ್ಯಾರಿಕೇಡು, ಸಂಜೆ ಮೂರು ಗಂಟೆ ಕಾಲ, ಪ್ರಾಯೋಗಿಕವಾಗಿ.

ಈ ಸ್ಥಿತಿ ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ವೇದಾಂತಿಗಳು ಇಂಥದ್ದಕ್ಕೆ ಅನಿರ್ವಚನೀಯ ಎನ್ನುತ್ತಾರೆ, ನಮ್ಮ ನಗರಾಡಳಿತ ಟ್ರಯಲ್ ಎನ್ನುತ್ತದೆ. ಪೂರ್ವನಿದರ್ಶನಗಳನ್ನು ನೋಡಿ. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬೇಲಿ ಕಟ್ಟಿಸಿಕೊಂಡು ಹುಟ್ಟಿತು. ಬಸ್ಸುಗಳು ನಿಜಕ್ಕೂ ಬೇಗ ಓಡಿದವು. ಆಮೇಲೆ ಮೆಟ್ರೋ ಕಾಮಗಾರಿ ಬಂದು ಪಥವನ್ನು ನುಂಗಿತು. ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ 2018ರಲ್ಲಿ ತೆರೆದರು. 2020ರ ನವೆಂಬರಿನಿಂದ ಮರುವರ್ಷದ ಫೆಬ್ರುವರಿಯವರೆಗೆ ವಾರಾಂತ್ಯಗಳಲ್ಲಿ ಅಲ್ಲಿ ವಾಹನ ಬಿಡಲಿಲ್ಲ. ನಡೆಯುವವರು ತುಂಬಿ ತುಳುಕಿದರು, ಮಕ್ಕಳು ನಡುರಸ್ತೆಯಲ್ಲಿ ಕೂತು ಚಿತ್ರ ಬರೆದವು, ಗಾಳಿ ಸುಧಾರಿಸಿತೆಂದು ಅಧ್ಯಯನವೂ ಹೇಳಿತು. ಆಮೇಲೆ ವಾಹನಗಳು ಮರಳಿ ಬಂದು ಆ ಕಲ್ಲುಗಳನ್ನೇ ಎಬ್ಬಿಸಿದವು. ಪ್ರಯೋಗ ಸೋತಿದ್ದರೆ ಇನ್ನೊಂದು ಪ್ರಯೋಗವಾದರೂ ನಡೆಯುತ್ತಿತ್ತು. ಗೆದ್ದಿತು, ಆದ್ದರಿಂದ ಮುಗಿಯಿತು.

ಇದಕ್ಕೆ ಅಪವಾದ ಕಬ್ಬನ್ ಪಾರ್ಕ್. ಅಲ್ಲಿ ಭಾನುವಾರದ ವಾಹನ ನಿಷೇಧ ವರ್ಷಗಳಿಂದ ಬಾಳಿದೆ. ಯಾಕೆಂದು ನಾವು ಬಹಳ ಯೋಚಿಸಿದೆವು. ಪರಿಸರ ಪ್ರಜ್ಞೆ, ಹಸಿರು, ಇತಿಹಾಸ ಎಲ್ಲ ಹೊಳೆದವು. ಹೋಗಿ ನೋಡಿದರೆ ಅಲ್ಲಿ ಕಬ್ಬಿಣದ ಗೇಟಿದೆ.

ಗೇಟಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಪ್ರತಿಮಾಶಾಸ್ತ್ರದಿಂದ ಒಂದು ನಿದರ್ಶನ. 2019ರಲ್ಲಿ ಬೆಂಗಳೂರಿನ ಕೆಲವು ವೃತ್ತಗಳಲ್ಲಿ ಸಂಚಾರ ಪೊಲೀಸರ ಸಮವಸ್ತ್ರ ತೊಡಿಸಿದ ಬಟ್ಟೆಯಂಗಡಿಯ ಬೊಂಬೆಗಳನ್ನು ನಿಲ್ಲಿಸಲಾಯಿತು. ಭಕ್ತರು ಮೊದಮೊದಲು ಬ್ರೇಕು ಹಾಕಿ ನಮಿಸಿದರು. ಕ್ರಮೇಣ ಈ ಮೂರ್ತಿ ವರ ಕೊಡುವುದಿಲ್ಲ, ಶಾಪವನ್ನೂ ಕೊಡುವುದಿಲ್ಲ ಎಂದು ಅರಿತು, ಅದರ ಮುಂದೆಯೇ ಸಿಗ್ನಲ್ ಜಿಗಿದರು.

ಎಂಟನೇ ಕ್ರಾಸಿನ ಬ್ಯಾರಿಕೇಡಿನ ಚರಿತ್ರೆ ಚಿಕ್ಕದು. ಮೊದಲು ಅದನ್ನು ಎಳೆದು ಬದಿಗಿಟ್ಟರು, ನಂತರ ಅದರ ಮೇಲೆ ಬೆಡ್‌ಶೀಟು ಒಣಹಾಕಿದರು, ಈಗ ಅದು ಕಾಣುವುದಿಲ್ಲ.

ಹಂಪಿನ ಉತ್ಪತ್ತಿ

ಆದೇಶ ಮಾಯವಾದ ಕೆಲವೇ ದಿನಗಳಲ್ಲಿ, ಒಂದು ಮುಂಜಾನೆ, ಹಂಪು ಕಂಡುಬಂತು.

ಹಾಕಿದವರು ಯಾರು? ಗುತ್ತಿಗೆದಾರರಲ್ಲ. ಸಂಘವಲ್ಲ. ವಿಚಾರಿಸಿದಲ್ಲೆಲ್ಲ "ನಮಗೇನು ಗೊತ್ತು, ಬೆಳಿಗ್ಗೆ ಎದ್ದು ನೋಡಿದರೆ ಇತ್ತು" ಎಂಬ ಒಂದೇ ಉತ್ತರ. ಕರ್ತೃವಿಲ್ಲದ್ದರಿಂದ ಇದನ್ನು ಅಪೌರುಷೇಯವೆಂದೇ ಒಪ್ಪಬೇಕಾಗುತ್ತದೆ. ಮೂರನೇ ಮನೆಯಲ್ಲಿ ರಿಪೇರಿ ನಡೆದು ಉಳಿದ ಕಾಂಕ್ರೀಟು ಅದೇ ರಾತ್ರಿ ಕಾಣೆಯಾದದ್ದನ್ನು ಪ್ರಮಾಣವಾಗಿ ತರುವ ನಾಸ್ತಿಕರಿದ್ದಾರೆ.

ಹಂಪಿಗೂ ಲಕ್ಷಣಗ್ರಂಥವುಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ ಶಾಸ್ತ್ರದ ಪ್ರಕಾರ ಅದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕಿನಂತೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರುವವನು ಅದರ ಮೇಲೆ ತೇಲಿಹೋಗಬೇಕು. ಎಂಟನೇ ಕ್ರಾಸಿನದು ಇದರಿಂದ ಸ್ವಲ್ಪ ಭಿನ್ನ. ಅಗಲ ಒಂದು ಗೇಣು. ಎತ್ತರ ಸ್ಕೂಟರಿನ ಹೊಟ್ಟೆಗೆ ತಾಗುವಷ್ಟು. ಬಾಗುವಿಕೆ ಇಲ್ಲ, ಏಕಾಏಕಿ ಎದ್ದು ಏಕಾಏಕಿ ಇಳಿಯುತ್ತದೆ. ದೇಸಿ ಶೈಲಿ.

ಆದರೂ ಅದು ಕೆಲಸ ಮಾಡಿತು. ಮೂರು ಪ್ರತಿ, ಒಂದು ಅನುಬಂಧ, ಒಂದು ಆದೇಶ, ಎರಡು ಬ್ಯಾರಿಕೇಡು ಸೇರಿ ಮಾಡಲಾಗದ್ದನ್ನು ಅರ್ಧ ಚೀಲ ಸಿಮೆಂಟು ಮಾಡಿತು. ಮೂಲೆಮನೆಯ ಅಜ್ಜಿ ರಸ್ತೆಯಾಚೆಯ ಗಣೇಶನ ಗುಡಿಗೆ ಈಗ ಅಲ್ಲಿಯೇ ದಾಟುತ್ತಾರೆ. ಅವರ ಸಹಿ ಯಾವ ಪ್ರತಿಯಲ್ಲೂ ಇಲ್ಲ. ಕಾರಣ ಸರಳ: ಕಾಗದ ಹಿಡಿದು ಅವರ ಬಾಗಿಲಿಗೆ ಯಾರೂ ಹೋಗಿರಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನಡೆದು ಹೋಗುತ್ತಿದ್ದವರು. ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟಾಗುತ್ತದೆ. ಈ ಗಣಿತವನ್ನು ಅಜ್ಜಿಗೆ ಯಾರೂ ಹೇಳಿಕೊಟ್ಟಿಲ್ಲ, ಸ್ಕೂಟರಿನವರು ಹೈಸ್ಕೂಲಿನಲ್ಲಿ ಓದಿ ಮರೆತಿದ್ದಾರೆ.

ತೊಡಕು ಬಂದದ್ದು ಮೇಷ್ಟ್ರ ಕಿಟಕಿಯಿಂದ. ಹಂಪು ಇರುವುದು ಅದರ ನೇರಕ್ಕೆ. ಪ್ರತಿ ಗಾಡಿಯೂ ಬ್ರೇಕು ಒತ್ತಿ, ಗೇರು ಇಳಿಸಿ, ಹಂಪು ದಾಟಿದೊಡನೆ ಸಿಟ್ಟಿನಿಂದ ಎಕ್ಸಲರೇಟರ್ ತಿರುವುತ್ತದೆ. ಡಬ್ಬಿಯ ಅಂಕಿ ಈಗ ಒಗ್ಗರಣೆಯ ಹೊತ್ತಿಗೆ ಮೊದಲೇ ಏರಿರುತ್ತದೆ. ಕಿಟಕಿಯ ಆಚೆ ಸುರಕ್ಷತೆ, ಈಚೆ ಹೊಗೆ. ಕ ಪ್ರತಿಗೆ ಮೊದಲ ಸಹಿ ಹಾಕಿದ ಮೇಷ್ಟ್ರೇ ಹಂಪು ತೆಗೆಸಲು ಓಡಾಡತೊಡಗಿದರು.

"ಅಜ್ಜಿ ದಾಟೋದು ಹೇಗೆ ಮೇಷ್ಟ್ರೇ?" ಎಂದು ಕೇಳಿದೆವು.

"ನನ್ನ ಉಸಿರಾಟ ಹೇಗೆ, ಅದನ್ನ ಹೇಳಿ" ಎಂದರು. ಎರಡಕ್ಕೂ ನಮ್ಮಲ್ಲಿ ಅಡಿಟಿಪ್ಪಣಿ ಇರಲಿಲ್ಲ. ವಾಹನವೇ ಕಡಿಮೆಯಾದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು, ಆದರೆ ಅದು ಕ ಪ್ರತಿಯ ಪಾಠ, ಅದಕ್ಕೆ ಈಗ ವಾರಸುದಾರರಿಲ್ಲ.

ಘ ಪ್ರತಿ

ಈ ಪ್ರಬಂಧ ಮುಗಿಯುವ ಹಂತದಲ್ಲಿ ಹೊಸದೊಂದು ಪ್ರತಿ ಬೆಳಕಿಗೆ ಬಂದಿದೆ. "ಎಂಟನೇ ಕ್ರಾಸಿನ ಹಂಪನ್ನು ಪ್ರಾಯೋಗಿಕವಾಗಿ ಒಂದು ತಿಂಗಳ ಮಟ್ಟಿಗೆ ತೆರವುಗೊಳಿಸಬೇಕೆಂದು ಕೋರುತ್ತೇವೆ." ಸಹಿಗಳು ಅವೇ. ಕೆಲವಕ್ಕೆ ರೆಕ್ಸಿನ್ನಿನ ಗೆರೆ ಇದೆ, ಕೆಲವಕ್ಕಿಲ್ಲ.

ಇದಕ್ಕೆ ಬಂದ ಹಿಂಬರಹವೂ ಲಭ್ಯವಿದೆ: "ಸದರಿ ಸ್ಥಳದಲ್ಲಿ ಕಚೇರಿಯ ದಾಖಲೆಗಳ ಪ್ರಕಾರ ಯಾವುದೇ ಹಂಪು ಇರುವುದಿಲ್ಲವಾದ್ದರಿಂದ ತೆರವುಗೊಳಿಸುವ ಪ್ರಶ್ನೆ ಉದ್ಭವಿಸುವುದಿಲ್ಲ." ಇಲ್ಲದ್ದನ್ನು ತೆಗೆಯುವುದು ಹೇಗೆಂದು ಕಾರ್ಯದರ್ಶಿಗಳು ಖುದ್ದಾಗಿ ಹೋಗಿ ವಿಚಾರಿಸಿದರು. ಮೊದಲು ಅಲ್ಲೊಂದು ಹಂಪು ಬೇಕೆಂದು ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಳ್ಳಿ, ದಾಖಲೆಗೆ ಬಂದ ಮೇಲೆ ತೆರವಿಗೆ ಬರೆಯಿರಿ ಎಂದು ಗುಮಾಸ್ತರು ದಾರಿ ತೋರಿಸಿದ್ದಾರೆ. ಸಹಿ ಸಂಗ್ರಹ ಶುರುವಾಗಿದೆ. ಙ ಪ್ರತಿಯ ಪಾಠ ಸ್ಥಿರವಾದ ಮೇಲೆ ಅದನ್ನು ಪ್ರತ್ಯೇಕವಾಗಿ ಸಂಪಾದಿಸಲಾಗುವುದು.