ಡಿಕ್ಕಿ ರಾಯರು

ನಮ್ಮ ಬ್ಯಾಟರಾಯನಪುರದಲ್ಲಿ ನಾಲ್ಕು ಕ್ರಾಸಿಗೊಬ್ಬರಾದರೂ ಉದ್ದ ಕಾರಿನ ಯಜಮಾನರು ಸಿಗುತ್ತಾರೆ. ಕೊಡಿಗೇಹಳ್ಳಿ ಗೇಟಿನ ಕಡೆಯವರದು ಹೋಂಡಾ ಸಿವಿಕ್, ಅಮೃತಹಳ್ಳಿ ಕಡೆಯವರದು ಸ್ಕೋಡಾ ಆಕ್ಟೇವಿಯಾ. ಜಿಕೆವಿಕೆ ಕಡೆಯ ಕಾಂಟೆಸಾದವರು ಇವರಿಗೆಲ್ಲ ಹಿರಿಯರು. ಆ ಕಾಂಟೆಸಾ ಈಗ ಸ್ಟಾರ್ಟ್ ಆಗುವುದಿಲ್ಲ, ಆದರೂ ಆಯುಧಪೂಜೆಯಲ್ಲಿ ಮೊದಲ ಕುಂಬಳಕಾಯಿ ಒಡೆಯುವುದು ಅದರ ಮುಂದೆಯೇ. ನಾನು ಹೇಳಹೊರಟದ್ದು ನಮ್ಮ ಕ್ರಾಸಿನವರ ವಿಷಯ. ಬ್ಯಾಂಕಿನಿಂದ ನಿವೃತ್ತರು. 2005ರಲ್ಲಿ ಸ್ಟಾಫ್ ಲೋನ್ ತೆಗೆದು ಟೊಯೋಟಾ ಕೊರೊಲಾ ಕೊಂಡರು. ಕೆಎ 04 ನಂಬರು. ಯಲಹಂಕದ ಕೆಎ 50 ನಂಬರಿನವರನ್ನೆಲ್ಲ ಮೊನ್ನೆ ಮೊನ್ನೆ ವಲಸೆ ಬಂದವರೆಂದೇ ನೋಡುತ್ತಾರೆ. "ಹೆಸರು ಜಪಾನಿಂದು ಕಣ್ರೀ, ಗಾಡಿ ತಯಾರಾಗಿದ್ದು ನಮ್ಮ ಬಿಡದೀಲಿ. ತಟ್ಟೆ ಇಡ್ಲಿ ತಿಂದು ಬೆಳೆದಿದ್ದು!"

ರಾಯರ ಪ್ರಕಾರ ಕಾರೆಂದ ಮೇಲೆ ಮುಂದೆ ಮೂತಿ, ನಡುವೆ ಮನುಷ್ಯರು, ಹಿಂದೆ ಡಿಕ್ಕಿ. ಡಿಕ್ಕಿ ಇಲ್ಲದ್ದು ಡಬ್ಬ. ಎತ್ತರದ್ದಾದರೆ ಟೆಂಪೋ. ಹೊಸ ಕಾರು ಕೊಂಡು ಸ್ವೀಟ್ ಬಾಕ್ಸ್ ಹಿಡಿದು ಯಾರು ಬಂದರೂ ಅವರು ಮೈಲೇಜ್ ಕೇಳುವುದಿಲ್ಲ. ಸೀದಾ ಹಿಂದಕ್ಕೆ ಹೋಗಿ ಬಾಗಿಲೆತ್ತಿಸಿ, ಒಳಗೆ ಗೇಣು ಹಾಕಿ ಅಳೆದು, "ಪಾಪ, ತರಕಾರಿಗೆ ಸಾಕು" ಎಂದು ಹೇಳಿ ಸ್ವೀಟ್ ತೆಗೆದುಕೊಳ್ಳುತ್ತಾರೆ.

ಮನೆ ಇರುವುದು 30x40 ಸೈಟಿನಲ್ಲಿ. ಕಾರು ಹೆಚ್ಚುಕಮ್ಮಿ 15 ಅಡಿ; ಪೋರ್ಟಿಕೋ ಅದಕ್ಕಿಂತ ಒಂದೂವರೆ ಅಡಿ ಗಿಡ್ಡ. ಬೇರೆಯವರಾಗಿದ್ದರೆ ಚಿಕ್ಕ ಕಾರು ಕೊಳ್ಳುತ್ತಿದ್ದರು. ರಾಯರು ವೆಲ್ಡಿಂಗ್‌ನವನನ್ನು ಕರೆಸಿದರು. ಗೇಟಿನ ಮಧ್ಯದ ಕಂಬಿ ಕತ್ತರಿಸಿ, ತಗಡು ಬಗ್ಗಿಸಿ, ಹೊರಕ್ಕೆ ಚಾಚಿದ ಪೆಟ್ಟಿಗೆಯೊಂದನ್ನು ಕೂರಿಸಿದ್ದಾಯಿತು. ಕಾರಿನ ಮೂತಿ ಅದರೊಳಗೆ. ದೂರದಿಂದ ನೋಡಿದರೆ ಗೇಟು ಏಳು ತಿಂಗಳ ಬಸುರಿಯ ಹಾಗಿದೆ. ಹಾಲಿನ ಹುಡುಗ ಪ್ಯಾಕೆಟ್ ಇಡುವುದು ಆ ಪೆಟ್ಟಿಗೆಯ ಮೇಲೆ, ಬೀದಿಯ ಬೆಕ್ಕು ಬಿಸಿಲು ಕಾಯಿಸುವುದೂ ಅಲ್ಲೇ. ಎದುರುಮನೆಯವರು ಸ್ಕೂಟರ್ ತಿರುಗಿಸುವಾಗಲೆಲ್ಲ ಮೊಣಕಾಲಿಗೆ ತಗುಲಿಸಿಕೊಂಡು ಬಯ್ಯುತ್ತಾರೆ. ಒಮ್ಮೆ ಮೋರಿ ಕೆಲಸಕ್ಕೆ ಬಂದ ಮೇಸ್ತ್ರಿ, "ಸಾರ್, ನಿಮ್ಮ ಗೇಟು ರಸ್ತೆಗೆ ಬಂದಿದೆ" ಎಂದ. "ಗೇಟಲ್ಲಪ್ಪ, ಬಂದಿರೋದು ಕಾರು. ಕಾರು ರಸ್ತೇಲಿ ಇರದೆ ಇನ್ನೆಲ್ಲಿರುತ್ತೆ?" ಮೇಸ್ತ್ರಿಗೆ ಉತ್ತರ ಹೊಳೆಯಲಿಲ್ಲ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದೇ ರಾಯರ ದೆಸೆ ತಿರುಗಿತು. ಬಳ್ಳಾರಿ ರಸ್ತೆಯ ಮಗ್ಗುಲಲ್ಲೇ ಮನೆ, ಮನೆಯಲ್ಲಿ ಡಿಕ್ಕಿ. ಹತ್ತು ವರ್ಷ ಮಾತು ಬಿಟ್ಟಿದ್ದ ಷಡ್ಡಕರೂ ಫೋನ್ ಮಾಡಿ ಆರೋಗ್ಯ ವಿಚಾರಿಸಿಕೊಂಡರು. ಅಮೆರಿಕದಿಂದ ಬರುವವರೆಂದರೆ ತಲೆಗೆರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕೆ.ಜಿ. ಅಪರಾತ್ರಿಯಲ್ಲಿ ರಾಯರು ಡಿಕ್ಕಿ ತೆರೆದು ನಿಂತು, "ಅದನ್ನ ಮಲಗಿಸು, ಇದನ್ನ ನಿಲ್ಲಿಸು, ಆ ಪುಟ್ಟ ಬ್ಯಾಗು ಸಂದೀಗೆ" ಎಂದು ತುಂಬಿಸುವಾಗ ಅವರ ದನಿಗೆ ಬ್ಯಾಂಕಿನ ಮ್ಯಾನೇಜರಿಕೆ ಮರಳುತ್ತಿತ್ತು. ಪೆಟ್ರೋಲಿನ ಲೆಕ್ಕಕ್ಕೆ ಸಿಗುತ್ತಿದ್ದುದು ಒಂದು ಡಬ್ಬಿ ಚಾಕೊಲೇಟ್. ಈಗ ಟ್ಯಾಕ್ಸಿ ಬುಕ್ ಮಾಡಿದವರು ಡಿಕ್ಕಿ ತೆಗೆದರೆ ಒಳಗೆ ಸಿಎನ್‌ಜಿ ಸಿಲಿಂಡರ್ ಕಾಲು ಚಾಚಿಕೊಂಡು ಮಲಗಿರುತ್ತದೆ. ಪೆಟ್ಟಿಗೆ ತಲೆಯ ಮೇಲೆ ಹೊತ್ತು ಹೋಗುವ ಟ್ಯಾಕ್ಸಿ ಕಂಡರೆ ರಾಯರಿಗೆ ಆ ದಿನದ ಮಾತ್ರೆ ಬೇಕಾಗುವುದಿಲ್ಲ.

"ಯಾಕೆ ಸಾರ್, ದೊಡ್ಡ ಸೆಡಾನ್‌ಗಳು ಹೀಗೆ ಕಾಣೆಯಾದವು?" ಎಂದು ಅವರನ್ನು ಕೇಳಬಾರದು. ಕೇಳಿದರೆ ಕಾಫಿ ಎರಡು ಸಲ ಬರುತ್ತದೆ. 2006ರ ಬಜೆಟ್ಟಿನಲ್ಲಿ ಸರ್ಕಾರ ನಾಲ್ಕು ಮೀಟರಿಗೆ ಗೆರೆ ಎಳೆಯಿತು. ಅದರೊಳಗಿನ ಚಿಕ್ಕ ಎಂಜಿನ್ ಕಾರಿಗೆ ಎಕ್ಸೈಸ್ ಶೇ 24ರಿಂದ 16ಕ್ಕೆ ಇಳಿಯಿತು. "ತಗೊಳ್ಳಿ, ಎಲ್ಲಾ ಕಂಪನಿಯೋರೂ ಕತ್ತರಿ ಹಿಡ್ಕೊಂಡು ಬಂದ್ರು. ಮೊದಲ ಏಟು ಎಲ್ಲಿಗೆ? ಡಿಕ್ಕಿಗೆ!" 2008ರಲ್ಲಿ ಟಾಟಾದವರ ಇಂಡಿಗೋ ಸಿಎಸ್, 2012ರಲ್ಲಿ ಮಾರುತಿಯ ಡಿಜೈರ್, ಹೀಗೆ ಬಾಲ ಮೊಂಡಾದವರ ಹೆಸರುಗಳನ್ನು ರಾಯರು ನೊಂದು ಹೇಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದಾಗಲೂ ಗೆರೆ ಅಳಿಸಲಿಲ್ಲ: ಒಳಗಿದ್ದವರಿಗೆ ಶೇ 18, ದಾಟಿದವರಿಗೆ 40. ಆಮೇಲೆ ಶ್ರಾದ್ಧದ ಪಟ್ಟಿ ಶುರು. ಕಾಂಟೆಸಾ 2002. ಕ್ರೂಜ್ 2017. ಕೊರೊಲಾ 2020. ಎಲಾಂಟ್ರಾ 2022. ಸಿಯಾಜ್ 2025. "ಸಿವಿಕ್ ಮಾತ್ರ ಎರಡು ಸಲ ಹೋಯ್ತು ನೋಡಿ. 2013ರಲ್ಲೊಮ್ಮೆ, 2019ರಲ್ಲಿ ಹುಟ್ಟಿ ಬಂದು ಮರುವರ್ಷವೇ ಇನ್ನೊಮ್ಮೆ. ಋಣ ಇರಲಿಲ್ಲ." ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಸುದ್ದಿ ಬಂದ ಮೇಲಂತೂ ಅವರ ದುಃಖ ಹೇಳತೀರದು. "ಮಡಿವಂತರ ಮನೆ ಗಾಡಿ ರೀ, ಅದಕ್ಕೆ ಈ ವಯಸ್ಸಲ್ಲಿ ಸಾರಾಯಿ ಕುಡಿಸ್ತಾರೆ!"

ನನ್ನನ್ನು ಕೇಳಿದರೆ, ಸೆಡಾನಿನ ಕತ್ತು ಹಿಸುಕಿದ್ದರಲ್ಲಿ ತೆರಿಗೆಯ ಪಾಲಿಗಿಂತ ಹಂಪಿನ ಪಾಲು ದೊಡ್ಡದು. ನಮ್ಮ ಕ್ರಾಸಿನ ಹಂಪು ಯಾವ ಎಂಜಿನಿಯರನ ನಕ್ಷೆಯಲ್ಲೂ ಇಲ್ಲ. ಮಿಕ್ಕ ಡಾಂಬರಿನಲ್ಲಿ ರಾತ್ರೋರಾತ್ರಿ ಎದ್ದು ನಿಂತದ್ದು. ಅದು ಇನ್ನೂ ದೂರವಿರುವಾಗಲೇ ಕೊರೊಲಾದ ಹಿಂದಿನ ಸೀಟಿನವರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಮದುವೆಗೆ ಹೊರಟ ಹೆಂಗಸರು ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು, ಉಡುಗೊರೆಯ ಡಬ್ಬ ಕಂಕುಳಲ್ಲಿರಿಸಿಕೊಂಡು, ಹಂಪನ್ನು ನಡೆದೇ ದಾಟುತ್ತಾರೆ. ಖಾಲಿ ಕಾರನ್ನು ರಾಯರು ಓರೆಯಾಗಿ, ಒಂದೊಂದೇ ಚಕ್ರವಾಗಿ ಹತ್ತಿಸುತ್ತಾರೆ. ಅಷ್ಟಾದರೂ ಅಡಿಯಿಂದ ಕರ್ರ್ ಎಂಬ ಸದ್ದು ಬಂದೇ ಬರುತ್ತದೆ. ಆಗ ರಾಯರು ಕೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಾರೆ.

ಅಮೆರಿಕದ ಮಗಳೂ ಅಲ್ಲಿ ಕೊರೊಲಾವನ್ನೇ ಓಡಿಸುತ್ತಾಳೆ. ಇಲ್ಲಿ ನಿಂತುಹೋದರೇನು, 1966ರಿಂದ ಐದು ಕೋಟಿಗೂ ಮೀರಿ ಮಾರಾಟವಾದ ಕಾರು. ರಾಯರ ಎದೆ ಉಬ್ಬಿದ್ದ ಹೊತ್ತಿನಲ್ಲಿ ಅವಳೊಮ್ಮೆ ಫೋನಿನಲ್ಲಿ, "ಅಪ್ಪ, ಇಲ್ಲಿ ಇದನ್ನ ಚಿಕ್ಕ ಕಾರು ಅಂತಾರೆ" ಎಂದುಬಿಟ್ಟಳು. ರಾಯರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ವಾಕಿಂಗ್ ಹೋದರು.

ಮಾರುವ ಮಾತು ಬಂದಿಲ್ಲವೆಂದಲ್ಲ. ಮಗ ಮೊಬೈಲಿನಲ್ಲಿ ಫೋಟೋ ಹಾಕಿದ. ಬಂದ ಮೊದಲ ಗಿರಾಕಿ ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ ನಿಂತು, "ಎಲ್ಲಿ ಸಾರ್ ನಿಮ್ಮನೆ?" ಎಂದು ಫೋನ್ ಮಾಡಿದ. "ಯಾವ ಬ್ಯಾಟರಾಯನಪುರ ಅಂತ ಗೊತ್ತಿಲ್ಲದೋನಿಗೆ ಗಾಡಿ ಕೊಡ್ಲೇನೋ?" ಎಂದು ರಾಯರು ವ್ಯವಹಾರ ಮುಗಿಸಿದರು. ಎರಡನೆಯವನು ಬಂದದ್ದು ಸರಿಯಾದ ಊರಿಗೇ. ಆದರೆ ಎಲ್ಲ ನೋಡಿದ, ಡಿಕ್ಕಿ ತೆಗೆಯಲಿಲ್ಲ.

ಇಷ್ಟೆಲ್ಲ ಇದ್ದರೂ ರಾಯರ ಮಂಡಿ ಅವರ ಪಕ್ಷದಲ್ಲಿಲ್ಲ. ಕೊರೊಲಾದ ಸೀಟು ನೆಲಕ್ಕೆ ಹತ್ತಿರ. ಕೂರುವಾಗ ಒಂದು "ರಾಮ", ಏಳುವಾಗ ಎರಡು. ಜೊತೆಗೆ ಬಾಗಿಲು ಹಿಡಿಯಲು ಒಬ್ಬರು, ರಟ್ಟೆ ಹಿಡಿಯಲು ಇನ್ನೊಬ್ಬರು. ಮಗ ಏಳು ಸೀಟಿನ ಎತ್ತರದ ಗಾಡಿ ತಂದ ದಿನ ಅವರು ಅದನ್ನು ಟೆಂಪೋ ಎಂದು ಮೂರು ಸಲ ಕರೆದರು. ಸಂಜೆ ಗಣಪತಿ ದೇವಸ್ಥಾನಕ್ಕೆ ಹೊರಟಾಗ ಮುಂದಿನ ಸೀಟಿನಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದರು. ರಾಮನ ಹೆಸರು ಕೇಳಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟರು. ಟೆಂಪೋದಲ್ಲಿ ಏಳು ಜನ ಕೂತ ಮೇಲೆ ಹಿಂದೆ ಉಳಿದದ್ದು ಚಕ್ಕುಲಿ ಡಬ್ಬದಷ್ಟು ಜಾಗ. ಏಳು ಜನರ ಬಟ್ಟೆಬರೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ರಾಯರು ಯಾರನ್ನೂ ಏನೂ ಅನ್ನಲಿಲ್ಲ. ಒಳಗೆ ಹೋಗಿ ಕೊರೊಲಾದ ಕೀ ತಂದರು. ಡಿಕ್ಕಿ ಎಲ್ಲವನ್ನೂ ನುಂಗಿತು. ಮೇಲೊಂದು ತೆಂಗಿನಕಾಯಿ ಚೀಲವನ್ನೂ. ಓಡಿಸಲು ಅಣ್ಣನ ಮಗ ಕೂತ. ರಾಯರು ಹೋಗಿ ಟೆಂಪೋದ ಮುಂದಿನ ಸೀಟಿನಲ್ಲಿ ಕಾಲು ನೀಡಿ ಕೂತು, ಪಕ್ಕದ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮಗ ಆಕ್ಷೇಪಿಸಿದ, ನಡೆಯಲಿಲ್ಲ. ಕ್ರಾಸಿನ ಕೊನೆಗೆ ಬರುವಷ್ಟರಲ್ಲಿ ರಾಯರ ಕೈಯಲ್ಲಿ ಫೋನಿತ್ತು.

"ಓರೆಯಾಗಿ ಹತ್ಸೋ! ಓರೆಯಾಗಿ! ಹಿಂದೆ ತೆಂಗಿನಕಾಯಿ ಇದೆ, ಬೇಕಾದ್ರೆ ಇಳಿಸ್ಕೊಂಡು ಹೋಗು!"