ಡಗ್ಗಾ ಎಲ್ಲಿ ಹೋತ್ರಿ?

ಹತ್ತರಗಿಯವರು ಸಬ್‌ವೂಫರ್ ಕೊಳ್ಳುವ ಮೊದಲು ಒಂದು ವಿಚಾರ ಮಾಡಬೇಕು: ಊರಿಗೆ ಈಗಾಗಲೇ ಒಂದಿದೆ. ಪುಣೆ-ಬೆಂಗಳೂರು ಹೆದ್ದಾರಿಯ ಟೋಲ್ ನಾಕಾ ದಾಟಿದ ಲಾರಿ ಗೇರ್ ಬದಲಿಸಿದರೆ ಸಾಕು, ಕಿಟಕಿಯ ಗಾಜು ತಾಳ ಹಾಕುತ್ತದೆ.

ಆದರೂ ಕಂಪ್ಯೂಟರಿನಲ್ಲಿ ಗಾಯಕ ಕುಮಾರ ಗಂಧರ್ವರನ್ನು ಕೇಳಬೇಕಲ್ಲ. 1924ರಲ್ಲಿ ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದವರು! ಮಾನಿಟರಿನೊಳಗಿನ ಸಣ್ಣ ಸ್ಪೀಕರಿನಲ್ಲಿ ಅವರ ದನಿ ಬರುತ್ತದೆ, ತಬಲಾ ಮಾತ್ರ ಅರ್ಧ. ಬಲಗೈಯದು ಟಿಣ್ ಟಿಣ್. ಎಡಗೈಯ ಡಗ್ಗಾ ರಜೆಯ ಮೇಲೆ.

ಅಂಗಡಿಗೆ ಹೋದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಸಾವಿರಾರು ವಾಟ್ ಪಿಎಂಪಿಒ. ಅಷ್ಟು ನಿಜವಾಗಿದ್ದರೆ ಕರೆಂಟ್ ಕೊಡುವ ಹೆಸ್ಕಾಂನವರು ಹುಡುಕಿಕೊಂಡು ಬರುತ್ತಿದ್ದರು. ನೋಡಬೇಕಾದದ್ದು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್. ಮೇಜಿನೆದುರೇ ಕೂತು ಕೇಳುವವರಿಗೆ 20 ವಾಟ್ ಧಾರಾಳ.

“ಬೇಸ್ ನೋಡ್ರಿ ಸರ, ಎದಿ ನಡಗತೈತಿ!”

“ಎದಿ ಬ್ಯಾಡೋ ತಮ್ಮಾ, ಡಗ್ಗಾ ಕೇಳಸು.”

“ಅದ್ಯಾವ ಡಿಜೆ ಹಾಡ್ರಿ?”

ಕಡೆಗೆ ನಾಲ್ಕಿಂಚಿನ ಜೋಡಿ ಸ್ಪೀಕರು, ಒಂದು ಸಬ್‌ವೂಫರ್ ಮನೆಗೆ ಬಂದವು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ನಾದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭಕ್ಕೆ ತಿಳಿಯದು. ಹಾಗಾಗಿ ಡಬ್ಬಿ ಮೇಜಿನ ಕೆಳಗಿದ್ದರೂ ನಡೆದೀತು. ಗೋಡೆಯ ಮೂಲೆಗೆ ತಳ್ಳಿದಿರೋ, ಎಲ್ಲವೂ ಗುಂ ಗುಂ. ಅದರ ವಾಲ್ಯೂಮನ್ನು ಇಳಿಸುತ್ತಾ ಹೋಗಿ, ಅದು ಇದೆಯೋ ಇಲ್ಲವೋ ಎನಿಸುವಲ್ಲಿ ನಿಲ್ಲಿಸುವುದೇ ಸರಿಯಾದ ಕ್ರಮ.

ನಾನು ಹಾಗೆಯೇ ಇಳಿಸುತ್ತಿದ್ದೆ. ಡಬ್ಬಿಯನ್ನು ಸ್ಟೂಲೆಂದು ತಿಳಿದು ಕಾಲು ಚಾಚಿ ಕೂತಿದ್ದ ಅವ್ವ ತಡೆದಳು: “ಮೊಣಕಾಲ ಬ್ಯಾನಿಗೆ ಭಾಳ ಛಲೋ ಐತಿ ಇದು. ಇನ್ನಷ್ಟು ಜೋರ ಹಚ್ಚೋ.”