ಲೆನ್ಸಣ್ಣ

ಉದ್ಯಾವರ, ಕಟಪಾಡಿ ಆಸುಪಾಸಿನಲ್ಲಿ ಯಾರ ಮನೆಯ ಗೋಡೆಯಲ್ಲಾದರೂ ಅಜ್ಜನ ಕಾಲದ್ದೆಂದು ಹೇಳಿಕೊಳ್ಳುವ ಸಾಮಾನು ತೂಗುತ್ತಿದ್ದರೆ, ಲೆನ್ಸಣ್ಣ ಊಟಕ್ಕೆ ಬರುವ ದಿನ ಅದನ್ನು ಇಳಿಸಿ ಕಪಾಟಿನೊಳಗೆ ಇಡುವುದು ಕ್ಷೇಮ. ಈ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ: ಪಟ್ಟೆಸೀರೆಯ ನೂಲು ಸುಟ್ಟು ಮೂಸುವವರು, ಜೇನಿನಲ್ಲಿ ಬೆಂಕಿಕಡ್ಡಿ ಅದ್ದಿ ಗೀರುವವರು, ನೋಟನ್ನು ಬೆಳಕಿಗೆ ಹಿಡಿದು ಅಂಗಡಿಯವನ ಮುಖ ನೋಡುವವರು. ನಮ್ಮ ಲೆನ್ಸಣ್ಣನದು ಹಳೆಯ ಮಿಲಿಟರಿ ಪಿಸ್ತೂಲಿನ ಮೇಲಿನ ಮುದ್ರೆ. ನಮ್ಮ ಕಡೆ ಕೋವಿ ಎಂದರೆ ತೋಟದವರು ಮಂಗ, ಹಂದಿ ಓಡಿಸಲು ಇಟ್ಟುಕೊಂಡದ್ದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವಂಥದ್ದು. ಇಂಥ ಊರಿಗೆ ಪಿಸ್ತೂಲಿನ ಪರಿಣತ ಎಲ್ಲಿಂದ ಬಂದ? ಬೊಂಬಾಯಿಯಿಂದ. ನಮ್ಮ ಹೆಚ್ಚಿನ ಪರಿಣತರು ಬಂದದ್ದು ಅಲ್ಲಿಂದಲೇ.

ಶರ್ಟಿನ ಕಿಸೆಯಲ್ಲಿ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಮಸೂರ ಸದಾ ಇರುತ್ತದೆ. ಕಾಪುವಿನಲ್ಲಿ ಒಂದು ಮನೆ ಒಕ್ಕಲಿಗೆ ಹೋಗಿದ್ದೆವು. ಹೋಗಿದ್ದೆವು ಎಂದರೆ, ಅವರ ಸ್ಕೂಟರಿಗೆ ಕಿಕ್ ಹೊಡೆಯಲು ಜನ ಬೇಕಿತ್ತು, ನನಗೆ ಪಾಯಸ ಬೇಕಿತ್ತು. ಹೊಸ ಮನೆಯ ಚಾವಡಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ಹಿತ್ತಾಳೆ ಕಟ್ಟಿನ ಪಿಸ್ತೂಲು. ಯಜಮಾನರು ಉಮೇದಿನಲ್ಲಿ, "ನಮ್ಮ ಅಜ್ಜನ ಅಪ್ಪನಿಗೆ ದೊರೆ ಕೊಟ್ಟದ್ದು ಅಣ್ಣಾ" ಎಂದರು. ಒಳಗೆ ಎಲೆ ಹಾಕುವ ಸದ್ದು. ನಾನು ಲೆನ್ಸಣ್ಣನ ತೋಳು ಹಿಡಿದು ಎಳೆದೆ. ಮಸೂರ ಆಗಲೇ ಕಣ್ಣಿಗೆ ಹತ್ತಿತ್ತು.

ಕಿರೀಟ, ಅದರಡಿ ವಿ.ಆರ್., ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎನ್‌ಫೀಲ್ಡ್, 1908.

"ವಿಕ್ಟೋರಿಯಾ ರಾಣಿ ತೀರಿಹೋದದ್ದು 1901ರಲ್ಲಿ. ಇದನ್ನು ಏಳನೇ ವರ್ಷದ ತಿಥಿಗೆ ಮಾಡಿಸಿದ್ದಾ?"

ಮನೆ ಒಕ್ಕಲಿನ ದಿನ ತಿಥಿಯ ಮಾತು! ಯಜಮಾನರ ತಾಯಿ ಸೆರಗು ಬಾಯಿಗಿಟ್ಟರು. ಲೆನ್ಸಣ್ಣ ನಿಲ್ಲಲಿಲ್ಲ. ಎನ್‌ಫೀಲ್ಡ್‌ನ ಎನ್ ತಿರುಗಾಮುರುಗಾ ನಿಂತಿತ್ತು. ಪೇಶಾವರದಿಂದ ದಕ್ಷಿಣಕ್ಕೆ ದರ್ರಾ ಆದಂ ಖೇಲ್ ಎಂಬ ಊರುಂಟು, ಆ ಗುಡ್ಡಗಳಲ್ಲಿ ಇಂಗ್ಲಿಷ್ ಓದಲು ಬಾರದ ಕಮ್ಮಾರರು ಅಕ್ಷರವನ್ನು ಚಿತ್ರದಂತೆ ನೋಡಿ ಬರೆಯುತ್ತಿದ್ದರು, ಆ ಪದ್ಧತಿಯದ್ದು ಇದು ಎಂದರು. ಒಳಗೆ ಸಾರು ಬಡಿಸಿದರು. ಅಸಲಿಯಲ್ಲಿ ಉಕ್ಕಿನ ಅಚ್ಚು ಇಟ್ಟು ಪೆಟ್ಟು ಹಾಕುತ್ತಿದ್ದರು, ಕಬ್ಬಿಣ ಪಕ್ಕಕ್ಕೆ ಸರಿದು ಅಕ್ಷರದ ಅಂಚು ಕೂದಲೆಳೆಯಷ್ಟು ಉಬ್ಬುತ್ತದೆ, ಎರಕ ಹೊಯ್ದದ್ದಾದರೆ ಅಂಚು ಮೊಂಡು ಎಂದರು. ಹುಳಿ ಬಂತು. ಸುತ್ತಲಿನ ಕಬ್ಬಿಣವನ್ನೆಲ್ಲ ತುಕ್ಕು ತಿಂದು ಅಕ್ಷರ ಮಾತ್ರ ಹರಿತವಾಗಿ ಉಳಿದಿದ್ದರೆ ಪಿಸ್ತೂಲಿಗಿಂತ ಅಕ್ಷರ ಸಣ್ಣ ಪ್ರಾಯದ್ದು ಎಂದರು. ಪಾಯಸ ಬಂದು ಹೋಯಿತು. ಕೊನೆಗೆ ಅದನ್ನು ಅಡಿಮೇಲು ಮಾಡಿ, "ಇಲ್ಲಿ ನೋಡಿ, ಸ್ಟಾರ್ ಸ್ಕ್ರೂ" ಎಂದರು. ಆ ಸ್ಕ್ರೂ ಪೇಟೆಗೆ ಬಂದದ್ದೇ 1930ರ ದಶಕದಲ್ಲಿ.

ಯಜಮಾನರು ಅವಮಾನ ನುಂಗಿ, "ಪೊಲೀಸರ ರಗಳೆ ಎಂತದಾದರೂ ಉಂಟಾ?" ಎಂದು ಕೇಳಿದರು. "ರಿಪೇರಿ ಮಾಡಿದರೂ ಗುಂಡು ಹಾರದ ಹಳೆಯ ಆಯುಧಕ್ಕೆ 1959ರ ಕಾಯ್ದೆಯಲ್ಲೇ ವಿನಾಯಿತಿ ಉಂಟು. ಇದಕ್ಕೆ ಅದೂ ಬೇಡ, ಇದು ಹಳತೇ ಅಲ್ಲ" ಎಂದು ಲೆನ್ಸಣ್ಣ ಸಮಾಧಾನ ಹೇಳಿದರು. ಅವರ ಪ್ರಕಾರ ಅದು ಸಮಾಧಾನ.

ನಮ್ಮ ಮನೆಯನ್ನೂ ಬಿಟ್ಟಿಲ್ಲ. ಅಮ್ಮನ ದೇವರ ಪೆಟ್ಟಿಗೆಯಲ್ಲಿ ರಾಮ ಪಟ್ಟಾಭಿಷೇಕದ ತಾಮ್ರದ ಆಣೆ ಇದೆ, ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿ, 1818. ಕಂಪೆನಿ ಮದರಾಸಿನಲ್ಲಿ ದೇವರ ಚಿತ್ರವಿರುವ ಚಿನ್ನದ ವರಹ ಹಾಕಿಸಿದ್ದುಂಟು, ಇಂಥ ಆಣೆ ಹಾಕಿಸಿದ್ದೇ ಇಲ್ಲ, ಇದು ಜಾತ್ರೆಯ ಮಾಲು ಎಂದು ಲೆನ್ಸಣ್ಣ ತೀರ್ಪು ಕೊಟ್ಟರು. ಅಮ್ಮ ಅದಕ್ಕೆ ಕುಂಕುಮ ಹಚ್ಚುತ್ತಲೇ, "ಇರಲಿ ಮಾರಾಯ, ನಾನು ಕೈಮುಗಿದದ್ದು ಕಂಪೆನಿಗಲ್ಲ" ಎಂದರು. ಲೆನ್ಸಣ್ಣ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಆಗಲೇ.

ಅವರು ಯಾವುದನ್ನೂ ಕೊಳ್ಳುವುದಿಲ್ಲ, ಮಾರುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ಇಷ್ಟೆಲ್ಲ ಕಲಿತದ್ದೆಲ್ಲಿ ಎಂದು ಒಂದು ಮಳೆಗಾಲದ ಸಂಜೆ ಕೇಳಿದೆ. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಬ್ಬ ಅಂಗಡಿಯವನ ಕೈಗೆ ಸಿಕ್ಕಿದನಂತೆ. ಕೆಲಸ ಇಷ್ಟೇ: ಹೊಸ ಪಿಸ್ತೂಲಿಗೆ ಉಪ್ಪುನೀರು, ನವಸಾಗರ ಸವರಿ ಒದ್ದೆ ಮಣ್ಣಿನಲ್ಲಿ ಹೂಳುವುದು, ತುಕ್ಕು ಏರಿದ ಮೇಲೆ ತೆಗೆದು ಎಣ್ಣೆ ಉಜ್ಜುವುದು. "ನೂರು ವರ್ಷವನ್ನು ಒಂದು ತಿಂಗಳಲ್ಲಿ ಮಾಡಿ ಕೊಡ್ತಿದ್ದೆ" ಎಂದರು. ಆ ಮಾತಿನಲ್ಲಿ ನಾಚಿಕೆ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಎಷ್ಟು ಚಾವಡಿಗಳ ಗೋಡೆಯಲ್ಲಿ ಅವರದೇ ಕೈಕೆಲಸ ಅಜ್ಜನ ಹೆಸರಿನಲ್ಲಿ ತೂಗುತ್ತಿದೆಯೋ. ಆಮೇಲೆ ಅವರ ಮೇಲೆ ಸಿಟ್ಟು ಮಾಡಲು ನನಗೆ ಮೊದಲಿನಷ್ಟು ಆಗುತ್ತಿಲ್ಲ.

ಬೇಸರ ಬಂದಾಗ ಉದ್ಯಾವರದಲ್ಲೇ ಹಳೆಯ ಶಾಸನಗಳಿರುವ ಶಂಭುಕಲ್ಲಿನ ಕಡೆ ಹೋಗುತ್ತಾರೆ. ಈ ಉದ್ಯಾವರ ಹಿಂದೆ ಉದಯಪುರ, ಆಳುಪರ ರಾಜಧಾನಿ. ಇದಕ್ಕಾಗಿ ರಣಸಾಗರ, ಚಿತ್ರವಾಹನರ ಕಾಲದಲ್ಲಿ ದಾಯಾದಿಗಳೇ ಹೊಡೆದಾಡಿದರು, ಸತ್ತ ಆಳುಗಳ ಹೆಸರನ್ನು ಎಂಟನೇ ಶತಮಾನದ ಕನ್ನಡದಲ್ಲಿ ಕಲ್ಲಿನಲ್ಲಿ ಕೊರೆಸಿದರು. ಶಾಸನದ ಎದುರು ಲೆನ್ಸಣ್ಣ ಮಸೂರ ತೆಗೆಯುವುದಿಲ್ಲ. ಕೇಳಿದರೆ, "ಇದನ್ನು ಕಳ್ಳಮಾಲು ಮಾಡಿ ಯಾರಿಗೆ ಮಾರುವುದು?" ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ಗುತ್ತಿನ ಮನೆಯ ಅಟ್ಟ ಗುಡಿಸುವಾಗ ಪಿಸ್ತೂಲಿನ ತುಂಡೊಂದು ಸಿಕ್ಕಿತು. ನಳಿಗೆ ಇಲ್ಲ, ಮರ ಇಲ್ಲ, ಕುದುರೆ ಕೂರುವ ಪಕ್ಕದ ಕಬ್ಬಿಣದ ಪಟ್ಟಿ ಮಾತ್ರ. ಉಜ್ಜಿದರೆ ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ. 1808ರ ಸುಮಾರಿಗೆ ಕಂಪೆನಿ ತನ್ನ ಹಳೆಯ ಹೃದಯಾಕಾರದ ಗುರುತನ್ನು ಬಿಟ್ಟು ಹಾಕತೊಡಗಿದ ಮುದ್ರೆ ಅದು. ಸಿಂಹದ ಮುಂಗಾಲು ಸುತ್ತಲಿನ ಕಬ್ಬಿಣದ ಜೊತೆಗೇ ಸವೆದಿತ್ತು, ಅಂಚು ಉಬ್ಬಿತ್ತು, ಸ್ಕ್ರೂವಿನ ಗೀರು ಕೈಯಲ್ಲಿ ಕೊರೆದದ್ದು, ತೀರ ಸಪೂರ. ಲೆನ್ಸಣ್ಣ ಅದನ್ನು ಅಂಗಳದ ಬಿಸಿಲಿಗೆ ಒಯ್ದರು, ಒಳಗೆ ತಂದರು, ಮತ್ತೆ ಒಯ್ದರು.

"ಎಂತ ಲೆನ್ಸಣ್ಣಾ, ಅಸಲಿಯಾ?"

"ಒಂದು ತಪ್ಪೂ ಕಾಣುವುದಿಲ್ಲ ಮಾರಾಯ. ನನಗೆ ಅದೇ ಸಂಶಯ."

ಮನೆಯ ಯಜಮಾನ್ತಿ ಕಾಫಿ ತಂದು, ಪಟ್ಟಿ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದರು. ಲೆನ್ಸಣ್ಣ ಕಾಫಿಯನ್ನು ಎಡಗೈಯಲ್ಲಿ ಹಿಡಿದುಕೊಂಡರು.